ಗೊರಕೆ ಮತ್ತು ವಸಡು: ಕೇಳದೆ ಉಳಿದ ಎರಡು ಪ್ರಶ್ನೆಗಳು



ನಮ್ಮ ಭಾಗದಲ್ಲಿ ದತ್ತಿ ಉಪನ್ಯಾಸಗಳು ಹೆಚ್ಚಾಗಿ ಶರಣ ಸಾಹಿತ್ಯ, ಜಾನಪದ ಇಲ್ಲವೆ ನಾಡಿನ ಇತಿಹಾಸ ಕುರಿತು ನಡೆಯುತ್ತವೆ. ಈ ಸಲ ದಾನಿಗಳ ಕುಟುಂಬದವರು ಆರೋಗ್ಯದ ವಿಷಯವಾಗಲಿ ಎಂದು ಅಪೇಕ್ಷೆಪಟ್ಟರು. ಅವರಿಗೆ ನಾನು ಕೃತಜ್ಞ. ವಸಡಿನ ಕಾಯಿಲೆಗಳಿಗೆ ಚಿಕಿತ್ಸೆ ಮಾಡುವುದು ನನ್ನ ವೃತ್ತಿ. ಹೀಗಾಗಿ ಹಲ್ಲು, ಬಾಯಿಯ ವಿಷಯ ಬರುತ್ತದೆಂದು ತಾವು ನಿರೀಕ್ಷಿಸಿರುತ್ತೀರಿ. ಅದರ ಜತೆಗೆ ನಿದ್ದೆಯ ವಿಷಯವನ್ನೂ ತಮ್ಮ ಮುಂದೆ ಇಡುತ್ತೇನೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯನ್ನು ವೈದ್ಯರು ಸ್ಲೀಪ್ ಅಪ್ನಿಯಾ ಎಂದು ಕರೆಯುತ್ತಾರೆ. ಆ ಕಾಯಿಲೆಗೂ ವಸಡಿನ ಆರೋಗ್ಯಕ್ಕೂ ಇರುವ ಸಂಬಂಧವೇ ಇಂದಿನ ವಿಷಯ.

ಈ ಮಾತುಗಳನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು, ನಿದ್ದೆಯಲ್ಲಿ ಉಸಿರು ಯಾಕೆ ಕಟ್ಟುತ್ತದೆ ಎಂಬುದು. ಎರಡನೆಯದು, ವಸಡು ಹೇಗೆ ಕೆಡುತ್ತದೆ ಎಂಬುದು. ಮೂರನೆಯದು, ಇವೆರಡನ್ನು ಜೋಡಿಸುವ ದಾರಿಗಳು ಯಾವುವು, ವಿಜ್ಞಾನ ಎಷ್ಟನ್ನು ಖಚಿತವಾಗಿ ಹೇಳುತ್ತದೆ ಎಂಬುದು. ಕೊನೆಯದು, ನಮ್ಮ ಮನೆಗಳಲ್ಲಿ, ದವಾಖಾನೆಗಳಲ್ಲಿ, ಈ ತಾಲ್ಲೂಕಿನಲ್ಲಿ ನಾವು ಮಾಡಬಹುದಾದ ಕೆಲಸ.

ಈ ಎರಡು ಕಾಯಿಲೆಗಳನ್ನು ಒಟ್ಟಿಗೆ ಹೇಳಲು ನನಗೊಂದು ಮುಖ್ಯ ಕಾರಣವಿದೆ. ಎರಡೂ ವರ್ಷಗಟ್ಟಲೆ ನೋವು ಕೊಡುವುದಿಲ್ಲ. ಎರಡರಲ್ಲೂ ರೋಗಿಗೆ ತನ್ನ ಕಾಯಿಲೆ ಎಲ್ಲರಿಗಿಂತ ಕಡೆಗೆ ಗೊತ್ತಾಗುತ್ತದೆ. ಮಲಗಿದವನ ಉಸಿರು ನಿಂತದ್ದನ್ನು ಕಾಣುವವರು ಪಕ್ಕದಲ್ಲಿ ಎಚ್ಚರವಾಗಿರುವವರು. ವಸಡಿನ ಕೆಳಗೆ ಎಲುಬು ಕರಗಿದ್ದನ್ನು ಕಾಣುವವರು ಬಾಯಿ ತೆರೆಸಿ ಅಳೆದವರು. ಹಾಗಾಗಿ ಬೇರೆಯವರು ಕೇಳಿದರೆ, ನೋಡಿದರೆ ಮಾತ್ರ ಈ ಕಾಯಿಲೆಗಳು ಹೊರಬೀಳುತ್ತವೆ. ಕೇಳುವ ರೂಢಿ ನಮ್ಮಲ್ಲಿ ಬೆಳೆಯಬೇಕು ಎಂಬುದೇ ಈ ಉಪನ್ಯಾಸದ ಸಾರ.

ಮೊದಲ ಭಾಗಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಗೊರಕೆಯೆಂದರೆ ಸುಖನಿದ್ದೆಯ ಗುರುತು. ದಿನವೆಲ್ಲ ಹೊಲದಲ್ಲಿ ದುಡಿದವನು, ಹೊತ್ತು ಮುಳುಗುವತನಕ ಮಗ್ಗದ ಮುಂದೆ ಕೂತವನು ಉಂಡು ಅಡ್ಡಾಗಿ ಗೊರಕೆ ಹೊಡೆದರೆ, 'ಪಾಪ, ದಣದಾನ, ಎಬ್ಬಿಸಬ್ಯಾಡ್ರಿ' ಎನ್ನುತ್ತೇವೆ. ಕುಂಭಕರ್ಣನ ಕಥೆ ಕೇಳಿ ಬೆಳೆದ ನಾವು ಗೊರಕೆಯನ್ನು ನಗೆಯ ವಿಷಯ ಮಾಡಿಕೊಂಡಿದ್ದೇವೆ. ಎಲ್ಲ ಗೊರಕೆಯೂ ಕಾಯಿಲೆಯಲ್ಲ, ನಿಜ. ಜೋರಾದ ಗೊರಕೆ ನಡುವೆ ಥಟ್ಟನೆ ನಿಂತು, ಕೆಲಹೊತ್ತು ಸದ್ದೇ ಇಲ್ಲದೆ, ಆಮೇಲೆ ಬಿಕ್ಕಿದಂತೆ, ಉಸಿರಿಗೆ ಚಡಪಡಿಸಿದಂತೆ ಮತ್ತೆ ಶುರುವಾದರೆ ಮಾತ್ರ ಅದನ್ನು ಅಲಕ್ಷ್ಯ ಮಾಡಬಾರದು.

ಆಗ ಒಳಗೆ ನಡೆಯುವುದು ಇಷ್ಟು. ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗೆ ಗಂಟಲಿನ ಉಸಿರುದಾರಿಗೆ ಎಲುಬಿನ ಗಟ್ಟಿ ಆಸರೆಯಿಲ್ಲ. ಸುತ್ತಲಿನ ಸ್ನಾಯುಗಳ ಬಿಗಿಯಿಂದಲೇ ಅದು ತೆರೆದಿರುತ್ತದೆ. ನಿದ್ದೆ ಹತ್ತಿದಾಗ ಆ ಬಿಗಿ ಸಡಿಲಾಗುತ್ತದೆ. ಕುತ್ತಿಗೆಯ ಸುತ್ತ ಕೊಬ್ಬು ಹೆಚ್ಚಿದ್ದರೆ, ಕೆಳದವಡೆ ಹಿಂದಕ್ಕಿದ್ದರೆ, ನಾಲಿಗೆ ಅಥವಾ ಟಾನ್ಸಿಲ್ ದಪ್ಪವಿದ್ದರೆ ದಾರಿ ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆ ಉಸಿರಿಗಾಗಿ ಏರಿಳಿಯುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಬಿದ್ದು ಒಂದು ಗಳಿಗೆ ಎಚ್ಚರಿಸುತ್ತದೆ, ಸ್ನಾಯು ಬಿಗಿಯುತ್ತದೆ, ದಾರಿ ತೆರೆಯುತ್ತದೆ. ಮಲಗಿದವನಿಗೆ ಈ ಎಚ್ಚರದ ನೆನಪೂ ಇರುವುದಿಲ್ಲ.

ಇಂಥ ತಡೆ ಕನಿಷ್ಠ 10 ಸೆಕೆಂಡ್ ಇದ್ದರೆ ವೈದ್ಯರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಉಸಿರು ಪೂರ್ತಿ ನಿಂತದ್ದು, ಅರ್ಧಂಬರ್ಧ ಆದದ್ದು ಎರಡನ್ನೂ ಕೂಡಿಸಿ ಗಂಟೆಗೆ ಎಷ್ಟು ಸಲ ಎಂದು ಎಣಿಸುತ್ತಾರೆ. ಗಂಟೆಗೆ 5ರಿಂದ 15 ಇದ್ದರೆ ಕಾಯಿಲೆ ಸೌಮ್ಯ, 15ರಿಂದ 30 ಇದ್ದರೆ ಮಧ್ಯಮ, 30 ದಾಟಿದರೆ ತೀವ್ರ. ತೀವ್ರ ಹಂತದವರು ಏಳು ಗಂಟೆ ಮಲಗಿದರೆ ಒಂದೇ ರಾತ್ರಿಯಲ್ಲಿ ಇನ್ನೂರು ಸಲಕ್ಕಿಂತ ಹೆಚ್ಚು ಉಸಿರಿಗೆ ತಡೆ ಬಂದಿರುತ್ತದೆ. ಬೆಳಿಗ್ಗೆ ತಲೆ ಭಾರ, ಬಾಯಿ ಒಣ, ಮಧ್ಯಾಹ್ನ ತಡೆಯಲಾಗದ ತೂಕಡಿಕೆ, ಮಾತ್ರೆ ನುಂಗಿದರೂ ಇಳಿಯದ ಬಿ.ಪಿ., ಮರೆವು, ಸಿಡುಕು ಇವೆಲ್ಲ ಆ ರಾತ್ರಿಗಳ ಫಲ.

ಇದು ಅಪರೂಪದ ಕಾಯಿಲೆಯೇ ಎಂದು ತಾವು ಕೇಳಬಹುದು. 2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69 ವರ್ಷದ 93 ಕೋಟಿಗೂ ಹೆಚ್ಚು ಜನರಿಗೆ ಒಂದಿಲ್ಲೊಂದು ಮಟ್ಟದಲ್ಲಿ ಈ ತೊಂದರೆಯಿದೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಹೊರಬಂದ ವಿಶ್ಲೇಷಣೆ ನಮ್ಮ ವಯಸ್ಕರಲ್ಲಿ ಶೇ 11ರಷ್ಟು ಜನರಿಗೆ ಇದೆಯೆಂದು ಹೇಳಿತು. ದುಡಿಯುವ ವಯಸ್ಸಿನವರನ್ನೇ ಲೆಕ್ಕ ಹಾಕಿದರೆ ಸುಮಾರು 10 ಕೋಟಿ ಜನ. ಗಂಡಸರಲ್ಲಿ ಶೇ 13, ಹೆಂಗಸರಲ್ಲಿ ಶೇ 5. ಹೆಂಗಸರ ಗೊರಕೆಯನ್ನು ಮನೆಯವರು ಹೇಳಲು ಸಂಕೋಚಪಡುತ್ತಾರೆ. ಮುಟ್ಟು ನಿಂತ ಮೇಲೆ ಅವರಲ್ಲೂ ಈ ಕಾಯಿಲೆ ಹೆಚ್ಚುತ್ತದೆ ಎಂಬುದನ್ನು ತಾಯಂದಿರು ದಯವಿಟ್ಟು ಗಮನಿಸಬೇಕು. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ವೈದ್ಯರು ಕಾರಣವಾಗಿ ಹೇಳಿದ್ದು ಈ ಕಾಯಿಲೆಯ ಹೆಸರನ್ನೇ. ಅನೇಕರು ಆ ಹೆಸರನ್ನು ಮೊದಲ ಸಲ ಕೇಳಿದ್ದು ಆ ದಿನದ ಸುದ್ದಿಯಲ್ಲಿ.

ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಮೂಗಿನ ಮೂಲಕ ಒಂದೇ ಒತ್ತಡದಲ್ಲಿ ಗಾಳಿ ಹಾಯಿಸಿ ಗಂಟಲಿನ ದಾರಿ ಮುಚ್ಚದಂತೆ ನೋಡಿಕೊಳ್ಳುವ ವಿಧಾನವನ್ನು ಪ್ರಕಟಿಸಿದರು. ಇಂದು ಸಿಪ್ಯಾಪ್ ಎಂದು ಕರೆಯುವ ಯಂತ್ರದ ಮೂಲ ಅದೇ. ಮಲಗುವಾಗ ಮುಖವಾಡ ಹಾಕಿಕೊಂಡರೆ ಯಂತ್ರ ರಾತ್ರಿಯಿಡೀ ದಾರಿ ತೆರೆದಿಡುತ್ತದೆ.

ಈಗ ಎರಡನೆಯ ಭಾಗಕ್ಕೆ, ವಸಡಿಗೆ ಬರುತ್ತೇನೆ. ನಮ್ಮ ಪ್ರಾಚೀನರು ವಸಡನ್ನು ಕಡೆಗಣಿಸಿರಲಿಲ್ಲ. ಸುಶ್ರುತ ಸಂಹಿತೆ ಬಾಯಿಯ 65 ರೋಗಗಳನ್ನು ಎಣಿಸುತ್ತದೆ. ಅದರಲ್ಲಿ ಹಲ್ಲಿನ ಬುಡಕ್ಕೆ ಸೇರಿದವೇ 15. ದಂತವೇಷ್ಟ ಎಂಬ ರೋಗದಲ್ಲಿ ಕೀವು, ರಕ್ತ ಸೋರಿ ಹಲ್ಲು ಅಲುಗಾಡುತ್ತದೆ ಎಂಬ ವರ್ಣನೆ ಅಲ್ಲಿದೆ. ಇಂದು ನಾವು ಪೆರಿಯೊಡಾಂಟೈಟಿಸ್ ಎನ್ನುವ ಕಾಯಿಲೆಯ ಲಕ್ಷಣಗಳೂ ಇವೇ.

ಹಲ್ಲುಜ್ಜಿದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ರೋಗಾಣುಗಳ ತೆಳು ಪಾಚಿ ಕೂರಲು ತೊಡಗುತ್ತದೆ. ದಿನವೂ ತೆಗೆಯದಿದ್ದರೆ ಜೊಲ್ಲಿನ ಖನಿಜ ಸೇರಿ ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ. 1965ರಲ್ಲಿ ಡೆನ್ಮಾರ್ಕಿನ ಆರ್ಹೂಸ್ ನಗರದಲ್ಲಿ ಹರಾಲ್ಡ್ ಲೋ ಎಂಬ ತಜ್ಞರು ಆರೋಗ್ಯವಂತ ವಸಡಿದ್ದ 12 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳು. ಎಲ್ಲರೂ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿ ಕೆಂಪಾಯಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಆರಂಭದ ಹಂತದಲ್ಲಿ ವಸಡಿನ ಉರಿಯೂತ ಪೂರ್ತಿ ವಾಸಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಆ ಹಂತ ದಾಟಿದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಸಂದು ಬೀಳುತ್ತದೆ. ಗಾಳಿಯಾಡದ ಆ ಸಂದಿನಲ್ಲಿ ಆಮ್ಲಜನಕವಿಲ್ಲದೆಯೇ ಬೆಳೆಯುವ ರೋಗಾಣುಗಳು ನೆಲೆಸುತ್ತವೆ. ಅವುಗಳೊಂದಿಗೆ ಹೋರಾಡುವ ಭರದಲ್ಲಿ ನಮ್ಮ ದೇಹವೇ ಹಲ್ಲು ಹಿಡಿದ ಎಲುಬನ್ನು ಕರಗಿಸಿಕೊಳ್ಳುತ್ತದೆ. ಮಳೆನೀರು ಹರಿದು ಬುನಾದಿಯ ಮಣ್ಣು ಕೊಚ್ಚಿಹೋದ ಮೇಲೂ ಗೋಡೆ ಕೆಲವು ವರ್ಷ ನಿಂತೇ ಇರುತ್ತದಲ್ಲ, ಹಲ್ಲೂ ಹಾಗೆಯೇ ನಿಂತಿರುತ್ತದೆ. ಅಲುಗಾಡಿದಾಗ ಮಾತ್ರ ನಾವು ಎಚ್ಚರಾಗುತ್ತೇವೆ.

ಇದನ್ನು ಪತ್ತೆ ಮಾಡುವ ಸಾಧನ ಬಹಳ ಚಿಕ್ಕದು. ಪ್ರೋಬ್ ಎಂಬ ಮೊಂಡು ತುದಿಯ ಕಡ್ಡಿ, ಅದರ ಮೇಲೆ ಮಿಲಿಮೀಟರ್ ಗುರುತು. ಪ್ರತಿ ಹಲ್ಲಿನ ಸುತ್ತ ಆರು ಕಡೆ ಅದನ್ನು ಮೆಲ್ಲಗೆ ಇಳಿಸಿ ಅಳೆಯುತ್ತೇವೆ. 28 ಹಲ್ಲಿದ್ದರೆ 168 ಅಳತೆ. 3 ಮಿಲಿಮೀಟರ್‌ವರೆಗೆ ಇಳಿದರೆ ಆರೋಗ್ಯ. 5, 6 ಎಂದು ಇಳಿಯುತ್ತ ಹೋದರೆ, ಕಡ್ಡಿ ಹೊರತೆಗೆದ ಕ್ಷಣಕ್ಕೆ ರಕ್ತ ಜಿನುಗಿದರೆ ಕಾಯಿಲೆ. ಬಾಯಿ ತುಂಬ ಇಂಥ ಸಂದುಗಳಿದ್ದರೆ ಉರಿಯೂತಗೊಂಡ ಮೈ ಎಲ್ಲ ಕೂಡಿ 8ರಿಂದ 20 ಚದರ ಸೆಂಟಿಮೀಟರ್ ಆಗಬಹುದು. ಅಷ್ಟು ದೊಡ್ಡ ಹುಣ್ಣು ಕೈ ಮೇಲೋ ಕಾಲ ಮೇಲೋ ಇದ್ದಿದ್ದರೆ ನಾವು ಒಂದು ದಿನವೂ ಸುಮ್ಮನಿರುತ್ತಿರಲಿಲ್ಲ.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ತೆಗೆಯಬೇಕಾಗಿದೆ. ಒಂದು, ವಯಸ್ಸಾದ ಮೇಲೆ ಹಲ್ಲು ಬೀಳಲೇಬೇಕು ಎಂಬುದು. ಸುರೇಬಾನದ ಬಳಿಯ ಶಬರಿಕೊಳ್ಳದ ಮಗ್ಗುಲಲ್ಲಿರುವ ಈ ಊರಿನಲ್ಲಿ ನಾನು ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮುಪ್ಪಿನಲ್ಲೂ ಒಂದೊಂದು ಹಣ್ಣನ್ನು ಕಚ್ಚಿ ರುಚಿ ನೋಡಿ ರಾಮನಿಗೆ ಕೊಟ್ಟವಳ ಕಥೆ ತಮ್ಮದು. ಲೋ ಅವರ ತಂಡ 1970ರಿಂದ 15 ವರ್ಷ ಶ್ರೀಲಂಕಾದ ಚಹಾ ತೋಟಗಳ 480 ಕೂಲಿಕಾರರನ್ನು ಪರೀಕ್ಷಿಸುತ್ತ ಬಂತು. ಬ್ರಷ್ ಇಲ್ಲ, ದಂತ ಚಿಕಿತ್ಸೆ ಇಲ್ಲ, ಎಲ್ಲರ ಹಲ್ಲಿನ ಮೇಲೂ ಕಿಟ್ಟ. ಆದರೂ ಶೇ 8ರಷ್ಟು ಜನರಲ್ಲಿ ಕಾಯಿಲೆ ವೇಗವಾಗಿ ಬೆಳೆಯಿತು, ಶೇ 81ರಲ್ಲಿ ನಿಧಾನವಾಗಿ, ಶೇ 11ರಷ್ಟು ಜನರಲ್ಲಿ ಉರಿಯೂತದಿಂದ ಮುಂದಕ್ಕೆ ಹೋಗಲೇ ಇಲ್ಲ. ಅಂದಮೇಲೆ ಪಾಚಿಯ ಜತೆಗೆ ದೇಹ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದೂ ಮುಖ್ಯ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದಿನ ಭಾಗಕ್ಕೆ ಬೇಕಾಗುತ್ತದೆ.

ಇನ್ನೊಂದು ನಂಬಿಕೆ, ದವಾಖಾನೆಯಲ್ಲಿ ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆ ಎಂಬುದು. ಕಿಟ್ಟ ತುಂಬಿದ ಸಂದು ಖಾಲಿಯಾದಾಗ, ಊತ ಇಳಿದಾಗ ಹಲ್ಲಿನ ನಡುವೆ ಜಾಗ ಕಾಣುತ್ತದೆ, ಕೆಲವು ದಿನ ತಣ್ಣೀರು ಜುಮ್ಮೆನ್ನಿಸುತ್ತದೆ. ಎಲುಬು ಮೊದಲೇ ಕರಗಿತ್ತು, ಕಿಟ್ಟ ಅದನ್ನು ಮುಚ್ಚಿಟ್ಟಿತ್ತು. ಸ್ವಚ್ಛಮಾಡಿದ ಮೇಲೆ ವಸಡು ಮತ್ತೆ ಬಿಗಿಯಾಗುತ್ತದೆ.

ಇನ್ನು ಮೂರನೆಯ ಭಾಗ. ಇದು ಇಂದಿನ ವಿಷಯದ ನಡುಮನೆ. ನನ್ನಂಥ ವೈದ್ಯರ ಮುಂದೆ ಮೇಲಿಂದ ಮೇಲೆ ಬರುವ ಒಂದು ಬಗೆಯ ಬಾಯಿಯನ್ನು ತಮಗೆ ತೋರಿಸುತ್ತೇನೆ. ಐವತ್ತರ ಆಸುಪಾಸಿನ ಗಂಡಸು. ಮೇಲಿನ ಮುಂಬದಿಯ ಆರು ಹಲ್ಲುಗಳ ವಸಡು ಮಾತ್ರ ಹೆಚ್ಚು ಕೆಂಪು, ಊದಿಕೊಂಡು ಮಿರುಗುತ್ತಿರುತ್ತದೆ. ತುಟಿ ಸೀಳಿರುತ್ತದೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿರುತ್ತದೆ. ಬೆಳಿಗ್ಗೆ ಎದ್ದಾಗ ಬಾಯಿ ಹೇಗಿರುತ್ತದೆ ಎಂದು ಕೇಳಿದರೆ ಅವರು ಉತ್ತರಿಸುವ ಮೊದಲೇ ಹಿಂದೆ ನಿಂತ ಹೆಂಡತಿ ಹೇಳುತ್ತಾರೆ: 'ರಾತ್ರಿಯೆಲ್ಲಾ ಬಾಯಿ ತಗದs ಮಲಗ್ತಾರ್ರೀ. ಗೊರಕಿ ಅಂದ್ರ ಪಡಸಾಲಿತನಾ ಕೇಳಸ್ತೈತಿ. ನಡುನಡುವ ಉಸರs ನಿಂತಂಗ ಆಕ್ಕೈತ್ರಿ, ನಾನs ಅಲಗಾಡಸಿ ಎಬ್ಬಸ್ತೀನಿ.' ಗಂಡ ನಾಚಿ ನಗುತ್ತಾರೆ. ಆ ತಾಯಿ ಹೇಳಿದ ಮೂರು ವಾಕ್ಯ ಯಾವ ಎಕ್ಸ್‌ರೇಯಲ್ಲೂ ಸಿಗುವುದಿಲ್ಲ.

ಮೊದಲ ಜೋಡಣೆ ಇಲ್ಲೇ ಇದೆ. ಜೊಲ್ಲು ಬಾಯಿಯ ಕಾವಲುಗಾರ. ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಉತ್ಪತ್ತಿಯಾಗಿ ಅದು ಬಾಯಿ ತೊಳೆಯುತ್ತದೆ, ಹುಳಿಯನ್ನು ತಗ್ಗಿಸುತ್ತದೆ, ರೋಗಾಣುಗಳನ್ನು ಹಿಡಿತದಲ್ಲಿಡುತ್ತದೆ. ನಿದ್ದೆಯಲ್ಲಿ ಎಲ್ಲರಿಗೂ ಜೊಲ್ಲು ಕಡಿಮೆಯಾಗುತ್ತದೆ. ಬಾಯಿ ತೆರೆದು ಉಸಿರಾಡುವವರಿಗೆ ಉಳಿದ ಜೊಲ್ಲೂ ಆರಿಹೋಗುತ್ತದೆ. ಮೇಲಿನ ಮುಂದಿನ ವಸಡಿಗೆ ಗಾಳಿ ನೇರವಾಗಿ ಬಡಿಯುವುದರಿಂದ ಆ ಭಾಗವೇ ಹೆಚ್ಚು ಕೆಂಪಾಗುತ್ತದೆ. 2006ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಅಧ್ಯಯನದಲ್ಲಿ, ಎದ್ದಾಗ ಬಾಯಿ ಒಣಗುವ ದೂರು ಬರೀ ಗೊರಕೆ ಹೊಡೆಯುವವರಿಗಿಂತ ಸ್ಲೀಪ್ ಅಪ್ನಿಯಾ ಇದ್ದವರಲ್ಲಿ ಸುಮಾರು ಎರಡು ಪಟ್ಟು ಇತ್ತು. ಕಾಯಿಲೆ ತೀವ್ರವಾದಷ್ಟೂ ಆ ದೂರು ಹೆಚ್ಚಿತ್ತು.

ಎರಡನೆಯ ಜೋಡಣೆ ರಕ್ತದಲ್ಲಿದೆ. ರಾತ್ರಿಯಿಡೀ ಆಮ್ಲಜನಕ ಇಳಿಯುವುದು, ಥಟ್ಟನೆ ಏರುವುದು, ಮತ್ತೆ ಇಳಿಯುವುದು. ಈ ಏರಿಳಿತ ಜೀವಕೋಶಗಳಿಗೆ ಪೆಟ್ಟು. ಉರಿಯೂತವನ್ನು ಕೆರಳಿಸುವ ರಾಸಾಯನಿಕಗಳು ರಕ್ತದಲ್ಲಿ ಹೆಚ್ಚುತ್ತವೆ. ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಆಲ್ಫಾ, ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರುಗಳನ್ನು ವಿಜ್ಞಾನದ ವಿದ್ಯಾರ್ಥಿಗಳು ಕೇಳಿರಬಹುದು. ವಸಡಿನ ಕಾಯಿಲೆಯಲ್ಲಿ ಎಲುಬು ಕರಗಿಸುವ ಸರಪಳಿಯಲ್ಲೂ ಇದೇ ರಾಸಾಯನಿಕಗಳಿವೆ. ದೇಹ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದು ಮುಖ್ಯ ಎಂದು ಆಗಲೇ ಹೇಳಿದ್ದು ಇದಕ್ಕಾಗಿ. ಮೊದಲೇ ಕೆರಳಿರುವ ದೇಹ ಅಷ್ಟೇ ಪಾಚಿಗೆ ಹೆಚ್ಚು ಎಲುಬು ಕಳೆದುಕೊಳ್ಳಬಹುದು ಎಂಬುದು ತಜ್ಞರ ತರ್ಕ.

ಮೂರನೆಯದು ಇವೆರಡರ ಹಿಂದಿರುವ ಸಮಾನ ಕಾರಣಗಳು: ಸಕ್ಕರೆ ಕಾಯಿಲೆ, ಬೊಜ್ಜು, ತಂಬಾಕು, ವಯಸ್ಸು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ವಸಡಿನ ರೋಗವನ್ನು ಸಕ್ಕರೆ ಕಾಯಿಲೆಯ ಆರನೆಯ ತೊಡಕು ಎಂದು 1993ರಲ್ಲಿ ಕರೆದವರು ಅದೇ ಹರಾಲ್ಡ್ ಲೋ. ವಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟರೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಅಂಕಿ ಸುಮಾರು 0.4ರಷ್ಟು ಇಳಿಯುತ್ತದೆ ಎಂದು 2022ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಬೊಜ್ಜಿನ ವಿಷಯದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ಅಧ್ಯಯನ ಪ್ರಸಿದ್ಧ. ತೂಕ ಶೇ 10ರಷ್ಟು ಹೆಚ್ಚಿದವರಲ್ಲಿ ನಿದ್ದೆಯ ಉಸಿರುತಡೆ ಮಧ್ಯಮ ಅಥವಾ ತೀವ್ರ ಹಂತ ಮುಟ್ಟುವ ಸಂಭವ ಆರು ಪಟ್ಟಾಗಿತ್ತು. ಶೇ 10 ಇಳಿಸಿದವರಲ್ಲಿ ಉಸಿರುತಡೆ ಸುಮಾರು ಕಾಲು ಭಾಗ ತಗ್ಗಿತ್ತು.

ತಂಬಾಕಿನ ಬಗ್ಗೆ ನಮ್ಮ ಜಿಲ್ಲೆಯವರು ಪ್ರತ್ಯೇಕವಾಗಿ ಯೋಚಿಸಬೇಕು. ನಿಪ್ಪಾಣಿಯ ತಂಬಾಕು ನಮ್ಮದೇ ಜಿಲ್ಲೆಯ ಬೆಳೆ. 2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನ ಒಂದಿಲ್ಲೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಗುಟ್ಕಾಕ್ಕೆ 2013ರಲ್ಲೇ ರಾಜ್ಯದಲ್ಲಿ ನಿಷೇಧ ಬಂತು, ಚಟ ಹೋಗಲಿಲ್ಲ. ತಂಬಾಕು ಹುರಿದು ಪುಡಿ ಮಾಡಿದ ಮಶೇರಿಯಿಂದ ಹಲ್ಲು ತಿಕ್ಕುವ ತಾಯಂದಿರು ಗಡಿ ಭಾಗದಲ್ಲಿ ಇನ್ನೂ ಇದ್ದಾರೆ. ತಿಕ್ಕಿದಾಗ ಹಾಯೆನಿಸುತ್ತದೆ, ಹಲ್ಲುನೋವು ಮರೆಯಾಗುತ್ತದೆ ಎನ್ನುತ್ತಾರೆ. ನೋವು ಮರೆಯಾದರೂ ವಸಡು ಸವೆಯುವುದು ನಿಲ್ಲುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಇನ್ನೊಂದು ಮೋಸವಿದೆ. ರಕ್ತನಾಳಗಳು ಕುಗ್ಗುವುದರಿಂದ ವಸಡಿನಲ್ಲಿ ರಕ್ತ ಕಡಿಮೆ ಕಾಣುತ್ತದೆ. ರಕ್ತ ಬರುವುದಿಲ್ಲ, ಹಾಗಾದರೆ ವಸಡು ಚೆನ್ನಾಗಿದೆ ಎಂದು ಅವರು ತಿಳಿಯುತ್ತಾರೆ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಸ್ಲೀಪ್ ಅಪ್ನಿಯಾ ವಸಡಿನ ರೋಗ ತರುತ್ತದೆ ಎಂದು ಸಿದ್ಧವಾಗಿದೆಯೇ? 2009ರಲ್ಲಿ ಆಸ್ಟ್ರೇಲಿಯಾದಲ್ಲಿ 66 ರೋಗಿಗಳನ್ನು ಪರೀಕ್ಷಿಸಿದಾಗ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನರಿಗೆ ವಸಡಿನ ರೋಗವಿತ್ತು, ಆ ದೇಶದ ಸಾಮಾನ್ಯ ಪ್ರಮಾಣದ ಸುಮಾರು ನಾಲ್ಕು ಪಟ್ಟು. 2013ರಲ್ಲಿ ಕೊರಿಯಾದ 687 ಜನರಲ್ಲಿ ಎರಡರ ನಡುವೆ ಸ್ಪಷ್ಟ ನಂಟು ಕಂಡಿತು. 2015ರಲ್ಲಿ ಅಮೆರಿಕದಲ್ಲಿ 12 ಸಾವಿರಕ್ಕೂ ಹೆಚ್ಚು ಜನರ ಅಧ್ಯಯನವೂ ಅದನ್ನೇ ಹೇಳಿತು. ಅದೇ ವರ್ಷ 100 ಜನರ ಇನ್ನೊಂದು ಅಧ್ಯಯನದಲ್ಲಿ ಉಸಿರುತಡೆಯ ತೀವ್ರತೆಗೂ ವಸಡಿನ ರೋಗಕ್ಕೂ ನಂಟು ಸಿಗಲಿಲ್ಲ, ಹಲ್ಲಿನ ಪಾಚಿ ಮಾತ್ರ ಹೆಚ್ಚಿತ್ತು. ಒಟ್ಟಿನಲ್ಲಿ ಇವೆರಡು ಜತೆಜತೆಗೆ ಕಾಣುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಒಂದರಿಂದಲೇ ಇನ್ನೊಂದು ಹುಟ್ಟುತ್ತದೆ ಎಂಬ ತೀರ್ಮಾನಕ್ಕೆ ವಿಜ್ಞಾನ ಇನ್ನೂ ಬಂದಿಲ್ಲ. ಅಷ್ಟು ತಿಳಿದರೂ ನಮ್ಮ ಕೆಲಸಕ್ಕೆ ಸಾಕು. ಜತೆಜತೆಗೆ ಇರುವ ಎರಡು ಕಾಯಿಲೆಗಳಲ್ಲಿ ಒಂದು ಸಿಕ್ಕಾಗ ಇನ್ನೊಂದನ್ನು ಹುಡುಕುವುದು ಜಾಣತನ.

ನಂಟು ತಿರುಗಿಯೂ ಹರಿಯಬಹುದು. ವಸಡಿನ ರೋಗದಿಂದ ಹಲ್ಲೆಲ್ಲ ಬಿದ್ದರೆ ಕೆಳದವಡೆ ಮೇಲೇರುತ್ತದೆ, ನಾಲಿಗೆಯ ಜಾಗ ಬದಲಾಗುತ್ತದೆ, ಗಂಟಲಿನ ದಾರಿಯ ಆಕಾರವೂ ಬದಲಾಗುತ್ತದೆ. ಹಲ್ಲಿನ ಸೆಟ್ ತೆಗೆದಿಟ್ಟು ಮಲಗಿದಾಗ ಉಸಿರುತಡೆ ಹೆಚ್ಚುತ್ತದೆ ಎಂದು ಇಟಲಿಯ ತಜ್ಞರು 2006ರಲ್ಲಿ ಬರೆದರು. ಬೇರೆಯವರಿಗೆ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿದೆ. ಆದ್ದರಿಂದ ರಾಜ್ಯದ ದಂತ ಭಾಗ್ಯ ಯೋಜನೆಯಲ್ಲಿ ಸೆಟ್ ಪಡೆದ ಹಿರಿಯರಿಗೆ ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಟ್ಟು ಮಲಗಿ ಎಂಬ ಹಳೆಯ ಸಲಹೆಯನ್ನೇ ಕೊಡುತ್ತೇನೆ. ಇದ್ದ ಹಲ್ಲನ್ನು ಉಳಿಸಿಕೊಂಡರೆ ಈ ಪ್ರಶ್ನೆಯೇ ಏಳುವುದಿಲ್ಲ.

ಈಗ ಕೊನೆಯ ಭಾಗ, ನಾವು ಮಾಡಬೇಕಾದ ಕೆಲಸ. ಮೊದಲು ನನ್ನ ವೃತ್ತಿಬಂಧುಗಳಿಗೆ ಒಂದು ವಿನಂತಿ. ಆರೋಗ್ಯವಂತ ಮನುಷ್ಯ ವರ್ಷಗಟ್ಟಲೆ ಬೇರೆ ವೈದ್ಯರ ಹತ್ತಿರ ಹೋಗದಿದ್ದರೂ ಹಲ್ಲುನೋವಿಗೆ ನಮ್ಮಲ್ಲಿಗೆ ಬರುತ್ತಾನೆ. ಬಾಯಿ ತೆರೆಸಿ ಗಂಟಲಿನವರೆಗೆ ನೋಡುವ ಅವಕಾಶ ನಮಗಿದೆ. ಒಣಗಿದ ಬಾಯಿ, ದಪ್ಪ ನಾಲಿಗೆ, ಇಕ್ಕಟ್ಟಾದ ಗಂಟಲು, 40 ಸೆಂಟಿಮೀಟರ್ ದಾಟಿದ ಕುತ್ತಿಗೆ ಕಂಡರೆ ಗೊರಕೆ, ಹಗಲು ತೂಕಡಿಕೆ, ಬಿ.ಪಿ. ಬಗ್ಗೆ ಕೇಳಬೇಕು. ಸಂಶಯ ಬಂದರೆ ಕಿವಿ-ಮೂಗು-ಗಂಟಲು ತಜ್ಞರಿಗೋ ಶ್ವಾಸಕೋಶ ತಜ್ಞರಿಗೋ ಚೀಟಿ ಬರೆಯಬೇಕು. ನಿದ್ದೆಯ ಪರೀಕ್ಷೆಗೆ ಈಗ ಬೆಳಗಾವಿ, ಹುಬ್ಬಳ್ಳಿಗಳಿಗಿಂತ ದೂರ ಹೋಗಬೇಕಾಗಿಲ್ಲ. ಮನೆಯಲ್ಲೇ ಒಂದು ರಾತ್ರಿ ಕಟ್ಟಿಕೊಂಡು ಮಲಗುವ ಸಣ್ಣ ಉಪಕರಣಗಳೂ ಬಂದಿವೆ.

ಉಳಿದ ವೈದ್ಯರಿಗೂ ಒಂದು ವಿನಂತಿ. ಸಿಪ್ಯಾಪ್ ಬರೆದುಕೊಡುವ ಮೊದಲು ರೋಗಿಯ ಬಾಯಿಯನ್ನು ಒಮ್ಮೆ ನೋಡಿ. ಮುಖವಾಡ ಹಾಕಿಯೂ ಬಾಯಿ ತೆರೆದುಕೊಂಡರೆ ಗಾಳಿ ಸೋರಿ ಬಾಯಿ ಇನ್ನಷ್ಟು ಒಣಗುತ್ತದೆ, ತೇವ ಕೊಡುವ ವ್ಯವಸ್ಥೆ ಬೇಕಾಗುತ್ತದೆ. ಸೌಮ್ಯ ಮತ್ತು ಮಧ್ಯಮ ಹಂತದವರಿಗೆ, ಯಂತ್ರ ಒಗ್ಗದವರಿಗೆ ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುವ ಹಲ್ಲಿನ ಸಾಧನ ಒಳ್ಳೆಯ ದಾರಿ. ಅದು ರಾತ್ರಿಯಿಡೀ ಹಲ್ಲುಗಳನ್ನೇ ಆಧಾರ ಮಾಡಿಕೊಂಡು ಎಳೆಯುತ್ತದೆ. ಅಲುಗಾಡುವ ಹಲ್ಲಿಗೆ ಆ ಭಾರ ತಡೆಯದು. ವಸಡು ಕೆಟ್ಟವನಿಗೆ ನಿದ್ದೆಯ ಒಂದು ಚಿಕಿತ್ಸೆಯೇ ಕೈತಪ್ಪುತ್ತದೆ. ಹತ್ತಾರು ಸಾವಿರ ರೂಪಾಯಿಯ ಯಂತ್ರ ಕೊಳ್ಳಲಾಗದ ನಮ್ಮ ರೈತ, ನೇಕಾರ ಕುಟುಂಬಗಳಿಗೆ ಇದು ಸಣ್ಣ ನಷ್ಟವಲ್ಲ.

ಮನೆಯವರಿಗೆ ಹೇಳುವುದು ಸರಳ. ದಿನಕ್ಕೆ ಎರಡು ಸಲ, ಅದರಲ್ಲೂ ರಾತ್ರಿ ಮಲಗುವ ಮೊದಲು ತಪ್ಪದೆ ಹಲ್ಲುಜ್ಜಿ. ರಾತ್ರಿ ಜೊಲ್ಲಿನ ಕಾವಲು ಸಡಿಲವಿರುವುದರಿಂದ ಆ ಉಜ್ಜುವಿಕೆಗೇ ಬೆಲೆ ಹೆಚ್ಚು. ಬೂದಿ, ಇದ್ದಿಲು, ಇಟ್ಟಂಗಿ ಪುಡಿ ಬೇಡ, ಅವು ಹಲ್ಲನ್ನೇ ಸವೆಸುತ್ತವೆ. ಉಜ್ಜುವಾಗ ರಕ್ತ ಬಂದರೆ ಉಜ್ಜುವುದನ್ನು ಬಿಡಬೇಡಿ, ದಂತವೈದ್ಯರನ್ನು ಕಾಣಿ. ಮಗ್ಗುಲಾಗಿ ಮಲಗಿ, ರಾತ್ರಿಯ ಕುಡಿತ ಬಿಡಿ, ತೂಕ ಇಳಿಸಿ. ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುವ ಮಕ್ಕಳಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಬೆಳೆದಿರಬಹುದು, ಅವರನ್ನೂ ತೋರಿಸಿ. ಜೈಪುರದಲ್ಲಿ 30 ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರು ತಿಂಗಳು ಶಂಖ ಊದುವ ಅಭ್ಯಾಸ ಮಾಡಿದವರಲ್ಲಿ ಉಸಿರುತಡೆ ಗಂಟೆಗೆ ನಾಲ್ಕೈದು ಸಲ ಕಡಿಮೆಯಾಯಿತು, ಹಗಲಿನ ತೂಕಡಿಕೆಯೂ ತಗ್ಗಿತು. ಗಂಟಲಿನ ಸ್ನಾಯುಗಳಿಗೆ ವ್ಯಾಯಾಮವಾಗುವುದೇ ಅದರ ಗುಟ್ಟು. ಪ್ರಯೋಗ ಚಿಕ್ಕದು, ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ. ಪೂಜೆಗೆ ಶಂಖ ಊದುವ ರೂಢಿಯಿದ್ದವರು ಮುಂದುವರಿಸಲಿ ಎಂದು ಮಾತ್ರ ಹೇಳುತ್ತೇನೆ.

ವಾಹನ ಓಡಿಸುವವರ ಬಗ್ಗೆ ನನಗೆ ವಿಶೇಷ ಕಾಳಜಿ. ಸ್ಲೀಪ್ ಅಪ್ನಿಯಾ ಇದ್ದವರಿಗೆ ಅಪಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ತಿಳಿದುಬಂದಿದೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಮೇಲೆ ರಾತ್ರಿಯೆಲ್ಲ ಟ್ರ್ಯಾಕ್ಟರ್‌ಗಳು ಜೋಡಿ ಟ್ರೇಲರ್ ಎಳೆದುಕೊಂಡು ಸಾಗುತ್ತವೆ. ಹಗಲು ಕಣ್ಣು ಮುಚ್ಚುತ್ತಿದೆ ಎನ್ನುವ ಚಾಲಕನಿಗೆ ಚಹಾ ಕುಡಿಸಿ ಕಳಿಸುವ ಮೊದಲು, ರಾತ್ರಿ ಗೊರಕೆ ಹೇಗಿದೆ ಎಂದು ಮಾಲೀಕರು ಕೇಳಬೇಕು.

ಕೊನೆಯದಾಗಿ ಈ ತಾಲ್ಲೂಕಿಗೆ ಒಂದು ಸಲಹೆ. ನಮ್ಮ ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಮನೆಗೆ ಹೋಗಿ ತಂಬಾಕು, ಸೊಂಟದ ಸುತ್ತಳತೆ, ಬಾಯಿಹುಣ್ಣಿನ ವಿವರ ಕೇಳಿ ನಮೂನೆ ತುಂಬುತ್ತಾರೆ. ಬಿ.ಪಿ., ಸಕ್ಕರೆ, ಬಾಯಿ ಕ್ಯಾನ್ಸರ್ ತಪಾಸಣೆಗೆ ಜನರನ್ನು ಕರೆತರುತ್ತಾರೆ. ಅದೇ ಭೇಟಿಯಲ್ಲಿ ಇನ್ನೆರಡು ಪ್ರಶ್ನೆ ಸೇರಿಸಿದರೆ ಸಾಕು: 'ಹಲ್ಲು ತಿಕ್ಕುವಾಗ ರಕ್ತ ಬರ್ತೈತೇನ್ರಿ?' ಎಂದು ಆ ವ್ಯಕ್ತಿಗೆ. 'ಇವ್ರು ಗೊರಕಿ ಹೊಡಿಯುವಾಗ ಉಸಿರು ನಿಂತದ್ದು ನೋಡೀರೇನ್ರಿ?' ಎಂದು ಮನೆಯವರಿಗೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಈ ಸಂಸ್ಥೆಯ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಮುಂದಿನ ಶಿಬಿರದಲ್ಲಿ ಈ ಎರಡು ಪ್ರಶ್ನೆಗಳನ್ನು ಹಿಡಿದು ಒಂದು ಹಳ್ಳಿಯ ಮನೆಮನೆಗೆ ಹೋಗಲಿ. ಹೌದು ಎಂದವರ ಪಟ್ಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಲಿ. ಅವರ ವಸಡನ್ನು ಪರೀಕ್ಷಿಸುವ ಕೆಲಸಕ್ಕೆ ನಾನು ನನ್ನ ಸಹೋದ್ಯೋಗಿಗಳೊಂದಿಗೆ ಬರಲು ಸಿದ್ಧನಿದ್ದೇನೆ. ಪ್ರಾಚಾರ್ಯರು ದಿನಾಂಕ ತಿಳಿಸಬೇಕೆಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.